ಹುಳಕ್ಕೆ ಸೊಪ್ಪು ಹಾಕಿದವರು ಯಾರು?

ನಮ್ಮ ಚಿಕ್ಕಮ್ಮನಿರುವ ಸೀಮೆಯಲ್ಲಿ ಯಾರೂ ನೆಮ್ಮದಿಯಾಗಿ ಸಾಯುವಂತಿಲ್ಲ! ಕೂಟಗಲ್‌ನಲ್ಲಿ ತೊಂಬತ್ತು ದಾಟಿದ ಅಜ್ಜರೊಬ್ಬರು ತೀರಿಕೊಂಡಾಗ ಮಾತಾಡಿಸಲು ಹೋದವಳು, ಅಳುತ್ತಿದ್ದ ಸೊಸೆಯ ಪಕ್ಕ ಕುಳಿತು ಮೆಲ್ಲಗೆ, "ಕೊನೇಲಿ ಕಾಫಿ ಕೊಟ್ಟೋರು ಯಾರವ್ವ?" ಎಂದು ಕೇಳಿಬಿಟ್ಟಳು. ಆ ಮನೆಯವರು ಇವತ್ತಿಗೂ ನಮಗೆ ಕಾಫಿ ಕೊಡುವುದಿಲ್ಲ.

ಇಂಥವಳನ್ನು ರಾಮನಗರದ ಲೈಬ್ರರಿಯ ಓದುಗರ ಬಳಗಕ್ಕೆ ಸೇರಿಸಿದ ಪುಣ್ಯಾತ್ಮ ನಾನೇ. ತಿಂಗಳಿಗೊಂದು ಪುಸ್ತಕ, ಹತ್ತು ಜನ, ಎರಡು ಪ್ಯಾಕೆಟ್ ಬಿಸ್ಕತ್ತು. ಈ ಸಲದ್ದು ನಿಜವಾಗಿ ನಡೆದ ಕೊಲೆಯ ಪುಸ್ತಕ. ಮಾಗಡಿ ಕಡೆ ರೇಷ್ಮೆಹುಳು ಸಾಕುತ್ತಿದ್ದ ಹೆಂಗಸೊಬ್ಬಳನ್ನು ಕಳ್ಳನೊಬ್ಬ ಕತ್ತಿನ ಸರಕ್ಕಾಗಿ ಕೊಂದಿದ್ದ. ಬರೆದವರೇ ಚರ್ಚೆಗೆ ಬರುವವರಿದ್ದರು. ಚಿಕ್ಕಮ್ಮ ಅದನ್ನು ಮೂರು ಸಲ ಓದಿ, "ಒಂದು ವಿಷ್ಯ ಬುಟ್ಬುಟ್ಟವ್ರೆ ಕಣ್ಲಾ. ಅದು ತಿಳೀದೆ ನಂಗೆ ಅನ್ನ ಇಳಿಯಾಕಿಲ್ಲ" ಎಂದಳು. ಏನದು ಎಂದರೆ ಹೇಳಬೇಕಲ್ಲ!

ಲೇಖಕರು ಬಂದರು. ಕಳ್ಳ ಸಿಕ್ಕಿಬಿದ್ದ ಬಗೆಯನ್ನು ಸೊಗಸಾಗಿ ವಿವರಿಸಿದರು. ಬಳಗದಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಅಪರಾಧಿಯ ಮನಸ್ಸಿನ ಬಗ್ಗೆ ಪ್ರಶ್ನೆ ಕೇಳಿ ಎಲ್ಲರ ಮುಖ ನೋಡಿಕೊಂಡರು. ಆಮೇಲೆ ಎದ್ದಳು ನೋಡಿ ಚಿಕ್ಕಮ್ಮ!

"ಸಾರ್, ಹುಳ ನಾಕನೇ ಜ್ವರ ಎದ್ದಿದ್ವು, ಅಂದ್ರೆ ಕೊನೇ ಸಲ ಪೊರೆ ಬುಟ್ಟಿದ್ವು, ಅಂತ ಬರ್ದಿದ್ದೀರಿ. ಆಗ ಒಂದು ವಾರ ಬಕಾಸುರನ ಹಂಗೆ ತಿಂತವೆ. ಆಯಮ್ಮ ಹೋದ್ಮೇಲೆ ಸೊಪ್ಪು ಹಾಕ್ದೋರು ಯಾರು?"

ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಫ್ಯಾನಿನ ರೆಕ್ಕೆ ಎಣಿಸತೊಡಗಿದೆ.

"ಅದು ಕೇಸಿಗೆ ಸಂಬಂಧಪಟ್ಟಿದ್ದಲ್ಲ ಅಮ್ಮಾ," ಎಂದರು ಲೇಖಕರು.

"ಕೇಸು ನಿಮ್ದು ಸಾರ್. ಹುಳ ಆಯಮ್ಮಂದು. ಕಳ್ಳನ ಚಪ್ಲಿ ಅಳತೆ ಬರೆಯಾಕೆ ಜಾಗ ಐತೆ, ಇದಕ್ಕಿಲ್ವಾ?"

ಲೇಖಕರ ನಗು ನಿಂತಿತು. ಆ ಮನುಷ್ಯ ದೊಡ್ಡವರು, ಮುನಿಸಿಕೊಳ್ಳಲಿಲ್ಲ. "ನಿಜ, ನನಗೆ ಗೊತ್ತಿಲ್ಲ" ಎಂದರು. ಚರ್ಚೆ ಮುಗಿದ ಮೇಲೆ ನಮ್ಮಿಬ್ಬರನ್ನು ಜಗಲಿಗೆ ಕರೆದು, ಸತ್ತವಳ ಮಗಳಿಗೆ ಫೋನ್ ಮಾಡಿದರು. ಹೀಗೊಬ್ಬರು ಕೇಳುತ್ತಿದ್ದಾರೆ, ಮಾತಾಡುತ್ತೀರಾ ಎಂದು ಕೇಳಿ, ಆಕೆ ಒಪ್ಪಿದ ಮೇಲೆ ಸ್ಪೀಕರ್ ಹಾಕಿ ಚಿಕ್ಕಮ್ಮನ ಕೈಗೆ ಕೊಟ್ಟರು.

"ನಾನೇ ಹಾಕ್ದೆ ಅಮ್ಮಾ," ಎಂದಿತು ಆ ದನಿ. "ಆಗ ಪಿಯುಸಿ ಓದ್ತಿದ್ದೆ. ಮನೆ ತುಂಬಾ ಪೊಲೀಸ್ನೋರು, ನೆಂಟ್ರು. ಹಿತ್ಲು ಬಾಗ್ಲಿಂದ ಹೋಗಿ ಸೊಪ್ಪು ಕುಯ್ಕೊಂಡು ಬಂದು ಹಾಕ್ತಿದ್ದೆ. ಅವ್ವ ಸಾಕಿದ್ವಲ್ಲ, ಸಾಯಾಕೆ ಬುಡಾಕಾಯ್ತದಾ?"

"ಗೂಡು ಕಟ್ಟುದ್ವಾ?"

"ಎಲ್ಲಾ ಕಟ್ಟುದ್ವು. ಇಷ್ಟು ವರ್ಷ ಎಲ್ರೂ ಆ ಕಳ್ಳನ್ ಬಗ್ಗೆನೇ ಕೇಳೋರು. ಇದ್ನ ಯಾರೂ ಕೇಳಿರ್ಲಿಲ್ಲ."

"ಅಷ್ಟು ಸೊಪ್ಪು ಒಬ್ಳೇ ಹೊತ್ಯಾ ಮಗಾ?"

ಆ ಕಡೆಯಿಂದ ಅಳು ಕೇಳಿಸಿತು. ಲೇಖಕರು ಬೇರೆ ಕಡೆ ತಿರುಗಿಕೊಂಡರು. ಚಿಕ್ಕಮ್ಮ ಸಮಾಧಾನ ಹೇಳಲಿಲ್ಲ, ಫೋನನ್ನೂ ಇಡಲಿಲ್ಲ. ಆ ಹುಡುಗಿ ಅತ್ತು ಮುಗಿಸುವ ತನಕ, ಕಣ್ಣು ಒರೆಸಿಕೊಳ್ಳುತ್ತಾ, "ಹೂಂ ಕಣವ್ವ, ಹೂಂ" ಎನ್ನುತ್ತಾ ನಿಂತೇ ಇದ್ದಳು.