ಹಗಲು ನಿದ್ದೆಗೊಂದು ಮೈದಾನ

ಚೆಂಡು ಕಿಟಕಿಯಿಂದ ತೂರಿ ಬಂದು ನೇರವಾಗಿ ವಾಚ್‌ಮನ್ನನ ಹೊಟ್ಟೆಯ ಮೇಲೆ ಬಿತ್ತು. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಆಗಷ್ಟೇ ಕಣ್ಣು ಮುಚ್ಚಿದ್ದ ಮನುಷ್ಯ ದಡಕ್ಕನೆ ಎದ್ದು ಕೂತು, ಅಭ್ಯಾಸಬಲದಿಂದ "ಯಾರದು?" ಎಂದ.

"ಅಂಕಲ್, ಬಾಲು," ಎಂದಿತು ಕಿಟಕಿಯಾಚೆಯ ತಲೆಯೊಂದು.

ಬೇಕರಿಯ ಕೆಲಸಕ್ಕೆ ಹೊರಡುವಾಗ ಹೆಂಡತಿ, "ಇವತ್ತಾದ್ರೂ ಸರಿಯಾಗಿ ಮಲ್ಕೊಳ್ಳಿ," ಎಂದು ಹೇಳಿಯೇ ಹೋಗಿದ್ದಳು. ಅದಕ್ಕೆ ಕಾರಣವಿತ್ತು. ಮೊನ್ನೆ ರಾತ್ರಿ ಸೂಪರ್‌ವೈಸರು ಇವನನ್ನು ಕುರ್ಚಿಯಲ್ಲಿ ಗೊರಕೆಸಮೇತ ಹಿಡಿದಿದ್ದ. "ಇನ್ನೊಂದ್ಸಲ ಹೀಗಾದ್ರೆ ಮನೇಲೇ ಮಲಗೋಕೆ ಕಳಿಸ್ಬಿಡ್ತೀನಿ," ಎಂದಿದ್ದ. ಮನೆಯಲ್ಲಿ ಮಲಗಲು ಆಗುವಂತಿದ್ದರೆ ಕುರ್ಚಿಯಲ್ಲೇಕೆ ಮಲಗುತ್ತಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಿದ್ದ.

ಈಗ ಅದೆಲ್ಲ ಒಟ್ಟಿಗೆ ಉಕ್ಕಿ ಬಂತು. ಬನಿಯನ್ನಿನಲ್ಲೇ ಬೀದಿಗೆ ನುಗ್ಗಿ, "ಈ ಮಕ್ಕಳಿಗೆ ಆಡೋಕೆ ಬೇರೆ ಜಾಗಾನೇ ಇಲ್ವಾ?" ಎಂದು ಅರಚಿದ.

ಎದುರು ಗೋಡೆಯ ಪಕ್ಕ, ಬೀದಿಯವರ ಬಟ್ಟೆಗೆ ಇಸ್ತ್ರಿ ಹಾಕುವ ಇಸ್ತ್ರಿ ಅಕ್ಕ ಹತ್ತಾರು ಹೆಂಗಸರನ್ನು ಸೇರಿಸಿಕೊಂಡು ನಿಂತಿದ್ದಳು. ಹಿಂದಿನ ವಾರ ಬೀದಿಯಲ್ಲಿ ಆಡುತ್ತಿದ್ದ ಅವಳ ಮಗಳ ಕಾಲಿನ ಮೇಲೆ ಸ್ಕೂಟರ್ ಹತ್ತಿತ್ತು. ಬಡಾವಣೆಯ ಶಾಲೆಗೆ ಈಗ ರಜೆ; ಅದಕ್ಕೆ ಕೋಣೆಗಳಿದ್ದವೇ ಹೊರತು ಅಂಗಳವಿರಲಿಲ್ಲ. ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಒಡೆದ ಕಟ್ಟಡಗಳ ಕಲ್ಲುಮಣ್ಣು ರಾಶಿ ಬಿದ್ದಿತ್ತು.

"ಕೇಳಿದ್ರೇನ್ರೇ? ನಾನು ಬಡ್ಕೊಳ್ತಿರೋದೂ ಇದನ್ನೇ," ಎಂದು ಅವಳು ವಾಚ್‌ಮನ್ನನ ಕೈ ಹಿಡಿದಳು. "ಬನ್ನಿ ಅಣ್ಣ, ಶಾಲೆ ಹಿಂದಿನ ಜಾಗ ಮಕ್ಕಳಿಗೆ ಬಿಡ್ಸಿಕೊಡಿ ಅಂತ ನಗರಸಭೆ ಆಫೀಸಿಗೆ ಹೋಗಿ ಕೇಳೋಣ. ಇಂಥ ಗಂಟಲೇ ಬೇಕಿತ್ತು ನಮಗೆ."

"ಅಕ್ಕಾ, ನಂಗೆ ನಿದ್ದೆ..."

"ನಿದ್ದೆಗೆಟ್ಟು ಹೋರಾಡೋರು ಈಗಿನ ಕಾಲದಲ್ಲಿ ಎಲ್ಲಿ ಸಿಗ್ತಾರೆ ಅಣ್ಣ?"

ಯಾರೋ ಒಂದು ಶರ್ಟು ತಂದು ತೊಡಿಸಿದರು. ಮೆರವಣಿಗೆ ಹೊರಟಿತು. ದಾರಿಯಲ್ಲಿ ವಾಚ್‌ಮನ್ನನಿಗೆ ಇದ್ದಕ್ಕಿದ್ದಂತೆ ಹೊಳೆಯಿತು: ಆ ಖಾಲಿ ಜಾಗ ತನ್ನ ಕಿಟಕಿಯಿಂದ ಎಷ್ಟೋ ಬೀದಿಗಳಾಚೆ ಇದೆ. ಮಕ್ಕಳ ಇಡೀ ಸೈನ್ಯ ಅಲ್ಲಿಗೆ ಹೋಯಿತೆಂದರೆ ಇಲ್ಲಿ ಸೂಜಿ ಬಿದ್ದರೂ ಕೇಳುತ್ತದೆ. ಅವನ ಕಾಲಿಗೆ ಬಲ ಬಂತು. ಆಫೀಸು ಮುಟ್ಟುವಾಗ ಎಲ್ಲರಿಗಿಂತ ಮುಂದೆ ಅವನೇ ಇದ್ದ.

ಆದರೆ ಅಲ್ಲಿನ ಬೆಂಚು ನೆರಳಲ್ಲಿತ್ತು. ಮೇಲಧಿಕಾರಿ ಮೇಡಂ ಹೊರಗೆ ಬಂದಾಗ ಹೋರಾಟಗಾರನ ಬಾಯಿ ತೆರೆದು, ಗೊರಕೆ ಕಾರಿಡಾರಿನ ತುದಿ ಮುಟ್ಟಿತ್ತು.

"ರಾತ್ರಿಯೆಲ್ಲ ರೆಪ್ಪೆ ಮುಚ್ಚಿಲ್ಲ ಮೇಡಂ ಅವರು," ಎಂದಳು ಇಸ್ತ್ರಿ ಅಕ್ಕ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಎಚ್ಚರಗೊಂಡವನ ಕೆಂಡದಂಥ ಕಣ್ಣು ನೋಡಿ ಮೇಡಂ ಕರಗಿದರು. "ಅಷ್ಟೊಂದು ಮಕ್ಕಳಿದಾರಾ ನಿಮ್ಮಲ್ಲಿ? ಸರಿ, ಮಧ್ಯಾಹ್ನ ನಾನೇ ಬಂದು ನೋಡ್ತೀನಿ."

ಮಧ್ಯಾಹ್ನ ಬೀದಿಗೆ ಮರಳಿದರೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬೆಳಗಿನಿಂದ ಕುಣಿದು ದಣಿದಿದ್ದ ಮಕ್ಕಳೆಲ್ಲ ಉಂಡು ಗಡದ್ದಾಗಿ ಮಲಗಿದ್ದವು. ವರ್ಷಗಳಿಂದ ವಾಚ್‌ಮನ್ ಕನಸು ಕಂಡಿದ್ದ ಮೌನ ಬೀದಿಯುದ್ದಕ್ಕೂ ಹಾಸಿ ಬಿದ್ದಿತ್ತು. ಇದನ್ನೇ ಮೇಡಂ ನೋಡಿದರೆ ಮೈದಾನದ ಕಥೆ ಮುಗಿಯಿತು.

"ಏಳ್ರೋ, ಆಡ್ರೋ!" ಎಂದು ಮನೆಮನೆಯ ಬಾಗಿಲು ಬಡಿದ. ಎದ್ದ ಮಕ್ಕಳು ಕಣ್ಣುಜ್ಜುತ್ತಾ ಸಾಲಾಗಿ ನಿಂತವು; ಲಸಿಕೆ ಹಾಕಿಸಿಕೊಳ್ಳಲು ಬಂದವರ ಹಾಗೆ ಕಂಡವು. ಇದು ಸಾಲದೆಂದು ಪಕ್ಕದ ಬೀದಿಗೆ, ಅದರಾಚೆಯ ಬೀದಿಗೆ ಓಡಿದ. "ನಮ್ಮ ಬೀದೀಲಿ ಎಷ್ಟು ಬೇಕಾದ್ರೂ ಕಿರುಚಿ. ಯಾರೂ ಬೈಯಲ್ಲ, ನಂದು ಗ್ಯಾರಂಟಿ," ಎಂದು ಸಿಕ್ಕಸಿಕ್ಕ ಮಕ್ಕಳನ್ನೆಲ್ಲ ಹೊರಡಿಸಿಕೊಂಡು ಬಂದ.

ಮೇಡಂ ಬರುವಷ್ಟರಲ್ಲಿ ಬೀದಿ ಜೇನುಗೂಡಿಗೆ ಕಲ್ಲು ಬಿದ್ದಂತಾಗಿತ್ತು. ಅವರು ಜೀಪಿನಿಂದ ಇಳಿಯುತ್ತಲೇ ಜೀಪಿನ ನೆತ್ತಿಯ ಮೇಲೆ ಒಂದು ಚೆಂಡು ಬಿತ್ತು. ಮೇಡಂ ನಕ್ಕರು. ಬೇಕರಿಯಿಂದ ಆಗಷ್ಟೇ ಬಂದ ಹೆಂಡತಿ, ಗಂಡ ಅಧಿಕಾರಿಯ ಪಕ್ಕ ನಿಂತಿರುವುದನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಶಾಲೆ ಹಿಂದಿನ ಜಾಗ ಮಕ್ಕಳಿಗೇ," ಎಂದರು ಮೇಡಂ. ಚಪ್ಪಾಳೆ ಬಿತ್ತು. ವಾಚ್‌ಮನ್ ಮನಸ್ಸಿನಲ್ಲೇ ಹಾಸಿಗೆ ಬಿಡಿಸಿದ.

"ಆದ್ರೆ ಕಲ್ಲುಮಣ್ಣು ತೆಗೆಸಿ, ಬೇಲಿ ಹಾಕಿಸೋದು ಅಂದ್ರೆ ಮುಂದಿನ ವರ್ಷಾನೇ ಆಗುತ್ತೆ. ಪಾಪ, ಇಷ್ಟು ಮಕ್ಕಳು ಅಲ್ಲೀವರೆಗೆ ಯಾಕೆ ಕಾಯ್ಬೇಕು? ನಾಳೆಯಿಂದ ಹಗಲೊತ್ತು ಈ ಬೀದಿಗೆ ಗಾಡಿ ಬಿಡೋದಿಲ್ಲ. ಸುತ್ತಲಿನ ಮಕ್ಕಳೆಲ್ಲ ಇಲ್ಲೇ ಬಂದು ಆಡ್ಲಿ."

ಎದ್ದ ಕೂಗಿಗೆ ಕಿಟಕಿಯ ಗಾಜುಗಳು ನಡುಗಿದವು. ವಾಚ್‌ಮನ್ ಏನೋ ಹೇಳಲು ಬಾಯಿ ತೆರೆದ. ಹುಡುಗರು ಅವನನ್ನು ಹೆಗಲ ಮೇಲೆ ಎತ್ತಿಬಿಟ್ಟರು.

"ಒಂದು ಮಾತು," ಎಂದು ಮೇಡಂ ಕೈ ಎತ್ತಿದರು. "ಗಾಡಿಗಳನ್ನ ತಡೆಯೋಕೆ, ಮಕ್ಕಳ ಮೇಲೆ ಕಣ್ಣಿಡೋಕೆ ಒಬ್ಬರು ಬೇಕು. ಹಗಲೆಲ್ಲ ಮನೇಲೇ ಇರೋರು ಯಾರಾದ್ರೂ ಇದೀರಾ?"

ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ವಾಚ್‌ಮನ್ನನ ಹೆಂಡತಿ.

"ನಮ್ಮ ಯಜಮಾನ್ರೇ ಇದಾರಲ್ಲ ಮೇಡಂ," ಎಂದಳು, ಹೆಮ್ಮೆಯಿಂದ. "ಹಗಲೆಲ್ಲ ಸುಮ್ನೆ ಮಲ್ಕೊಂಡಿರ್ತಾರೆ."