ಹೂ ಎಡಕ್ಕೆ ಬಿದ್ದ ಕಾರಣ ತಡವಾದ ಶಸ್ತ್ರಚಿಕಿತ್ಸೆಗೆ ರಜೆ ಕೋರಿ

ಇಂದ:
ವಸಂತಿ, ವಯಸ್ಸು 51,
ಹುಳಿಪುಡಿ ವಿಭಾಗ (ಇಪ್ಪತ್ತಾರು ವರ್ಷಗಳ ಸೇವೆ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ),
ಹಾಲಿ ವಿಳಾಸ: ಆಸ್ಪತ್ರೆಯ ಮೂರನೇ ಮಹಡಿ, ಹಾಸಿಗೆ ಸಂಖ್ಯೆ 14, ರೋಹಿಣಿ, ದಿಲ್ಲಿ.

ಗೆ:
ಶ್ರೀ ಕರುಣಾಕರ ಅವರು,
ಮಾಲೀಕರು, ಹೋಟೆಲ್ ಶ್ರೀಸನ್ನಿಧಿ, ಕರೋಲ್ ಬಾಗ್,
ಹಾಗೂ ಅರ್ಜಿದಾರಳ ಪತಿ.

ವಿಷಯ: ಬಲ ಎದೆಯಲ್ಲಿರುವ ಗಂಟನ್ನು ದೇವರ ಅನುಮತಿಯಿಲ್ಲದೆ, ಅಥವಾ ಅನುಮತಿಯಿದ್ದೂ ತಮ್ಮ ಅನುಮತಿಯಿಲ್ಲದೆ, ತೆಗೆಸಿಕೊಳ್ಳಲು 21 ದಿನಗಳ ರಜೆ ಕೋರಿ.

ಉಲ್ಲೇಖ:
1. ಬಯಾಪ್ಸಿ ವರದಿ, ದಿನಾಂಕ 24 ಸೆಪ್ಟೆಂಬರ್.
2. ಊರಿನಿಂದ ಬಂದ ವಾಟ್ಸಾಪ್ ವಿಡಿಯೋ, 41 ಸೆಕೆಂಡು, ದಿನಾಂಕ 28 ಸೆಪ್ಟೆಂಬರ್.
3. ಗಲ್ಲಾದ ಹಿಂದಿನಿಂದ ತಾವು ಹೊರಡಿಸಿದ ಮೌಖಿಕ ಆದೇಶ: "ರಜೆ ಬೇಕಾದ್ರೆ ಅರ್ಜಿ ಕೊಡು, ನೋಡುವ."

ಮಾನ್ಯರೇ,

ತಮ್ಮ ಹೋಟೆಲಿನಲ್ಲಿ ಚಟ್ನಿ ಮಾಡುತ್ತಿದ್ದವನೊಬ್ಬ ತಮ್ಮನ ಮದುವೆಗೆಂದು ಹೋಗಿ ಮರಳಿ ಬಾರದ ಕಾರಣ, ಅಂದಿನಿಂದ ಯಾರೇ ಆಗಲಿ, ಮನೆಯವರೇ ಆಗಲಿ, ರಜೆಗೆ ಗೆರೆ ಹಾಳೆಯಲ್ಲಿ ಕನ್ನಡದಲ್ಲಿ ಅರ್ಜಿ ಬರೆದು ಪುರಾವೆ ಲಗತ್ತಿಸತಕ್ಕದ್ದೆಂದು ತಾವು ನಿಯಮ ಮಾಡಿದ್ದೀರಿ. ಅಜ್ಜಿ ತೀರಿಕೊಂಡರು ಎಂದು ಬರೆದ ಸಪ್ಲೈಯರನಿಂದ ಹಾರ ಹಾಕಿದ ಅಜ್ಜಿಯ ಫೋಟೋ ತರಿಸಿಕೊಂಡಿದ್ದೀರಿ. ಆದ್ದರಿಂದ ಅರ್ಜಿದಾರಳು ತನ್ನ ಗಂಟಿನ ಫೋಟೋವನ್ನು ಲಗತ್ತಿಸಿದ್ದಾಳೆ. ಅದಕ್ಕೆ ಹಾರ ಹಾಕಿಲ್ಲ.

ಈ ಅರ್ಜಿಯಲ್ಲಿ 'ನಾನು' ಎಂಬ ಪದವನ್ನು ಬಳಸಿಲ್ಲವೆಂದು ತಾವು ಗಮನಿಸಬಹುದು. ಮನೆಯಲ್ಲಿ ಆ ಪದ ತಮಗೊಬ್ಬರಿಗೇ ಮೀಸಲಾಗಿರುವ ಕಾರಣ, ಅರ್ಜಿದಾರಳಿಗೆ ಅದರ ಅಭ್ಯಾಸ ತಪ್ಪಿದೆ.

ಪ್ರಕರಣದ ವಿವರ ಹೀಗಿದೆ:

1. ಸೆಪ್ಟೆಂಬರಿನಲ್ಲಿ ಅರ್ಜಿದಾರಳು ಕೊತ್ತಂಬರಿ ಹುರಿಯುವಾಗ ಬಲ ಎದೆಯಲ್ಲಿ ಏನೋ ಗಟ್ಟಿಯಾಗಿ ಕೈಗೆ ತಗುಲಿತು. ಮಗಳು ಶರ್ಮಿಳಾ ಅವಳನ್ನು ಎಳೆದುಕೊಂಡೇ ಆಸ್ಪತ್ರೆಗೆ ಹೋದಳು. ಸೂಜಿ ಹಾಕಿ ಚೂರು ತೆಗೆದರು, ನಾಲ್ಕನೆಯ ದಿನ ವರದಿ ಬಂತು. ಡಾಕ್ಟರ್ ಧಾರಿಣಿ ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, "ಮೂರು ವಾರದ ಒಳಗೆ ತೆಗೆದುಬಿಡೋಣ ವಸಂತಿ ಅವರೇ, ಈಗ ಚಿಕ್ಕದಿದೆ, ಎರಡು ಸೆಂಟಿಮೀಟರ್ ಕೂಡ ಇಲ್ಲ" ಎಂದರು. ದಿಲ್ಲಿಯಲ್ಲಿ ಕನ್ನಡ ಬಲ್ಲ ಡಾಕ್ಟರು ಸಿಕ್ಕಿದ್ದೇ ದೇವರ ದಯೆ ಎಂದು ಆ ದಿನ ತಾವೇ ಹೇಳಿದ್ದಿರಿ. ಆ ದಯೆ ನಾಲ್ಕೇ ದಿನ ಬಾಳಿತು.

2. ನಮ್ಮ ಕಡೆ ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ಹೂಪ್ರಸಾದ ಕೇಳುವುದು ಉಂಟು. ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುವುದು, ಪ್ರಾರ್ಥನೆ ಮಾಡುವುದು. ದೇವರ ಬಲಗಡೆಯ ಹೂ ಮೊದಲು ಬಿದ್ದರೆ ಮಾಡಬಹುದು, ಎಡಗಡೆಯದು ಬಿದ್ದರೆ ಬೇಡ. ಹೋಟೆಲಿಗೆ ಹೊಸ ಗ್ರೈಂಡರ್ ಕೊಳ್ಳುವಾಗಲೂ ತಾವು ಕೇಳಿಸಿದ್ದಿರಿ, ಅರ್ಜಿದಾರಳ ಗಂಟಿಗೂ ಕೇಳಿಸಿದಿರಿ. ಊರ ಗುಡಿಯ ಏಕನಾಥ ಭಟ್ಟರಿಗೆ ಫೋನ್ ಮಾಡಿ, "ನೀವು ಬಾಯಲ್ಲಿ ಹೇಳೋದು ಬೇಡ, ವಿಡಿಯೋ ತೆಗೆದು ಕಳಿಸಿ, ನಾನು ಕಣ್ಣಾರೆ ನೋಡ್ತೇನೆ" ಎಂದಿರಿ. ಭಟ್ಟರಿಗೆ ಎಂಬತ್ತೊಂದು. ವಿಡಿಯೋ ಕಳಿಸಿದರು. ಹೂ ಎಡಕ್ಕೆ ಬಿದ್ದಿತ್ತು.

3. ಅಷ್ಟೇ. ಮುಗಿಯಿತು. ತಾವು ಡಾಕ್ಟರಿಗೆ ಫೋನ್ ಮಾಡಿ "ಸದ್ಯಕ್ಕೆ ಬೇಡ" ಎಂದಿರಿ. ಕಷಾಯ ಬಂತು, ತಾಯಿತ ಬಂತು. ನವರಾತ್ರಿ ಹೋಯಿತು, ದೀಪಾವಳಿ ಹೋಯಿತು, ದಿಲ್ಲಿಗೆ ಹೊಗೆ ಬಂತು. ಗಂಟಿಗೆ ಹೂಪ್ರಸಾದದ ವಿಷಯ ಯಾರೂ ತಿಳಿಸದ ಕಾರಣ ಅದು ತನ್ನ ಪಾಡಿಗೆ ಬೆಳೆಯಿತು. ಅರ್ಜಿದಾರಳು ಅಷ್ಟು ದಿನ ಯಾಕೆ ಸುಮ್ಮನಿದ್ದಳು ಎಂದು ಶರ್ಮಿಳಾ ಕೇಳುತ್ತಾಳೆ. ಅವಳಿಗೆ ಕತ್ತರಿಯ ಹೆದರಿಕೆಯಿತ್ತು. ದೇವರು ಬೇಡ ಅಂದದ್ದು ಒಳಗೊಳಗೆ ಹಿತವೂ ಆಗಿತ್ತು. ಇದನ್ನು ತಪ್ಪೊಪ್ಪಿಗೆಯಾಗಿ ದಾಖಲಿಸಿಕೊಳ್ಳುವುದು.

4. ಸದರಿ ವಿಡಿಯೋವನ್ನು ತಾವು ಹೋಟೆಲಿಗೆ ಬಂದ ಊರವರಿಗೆಲ್ಲ ತೋರಿಸಿದಿರಿ. ಗಂಟು ಯಾರದೋ ಅವಳಿಗೆ ಮಾತ್ರ ತೋರಿಸಿರಲಿಲ್ಲ. ನವೆಂಬರ್ 9ರಂದು ತಾವು ಸ್ನಾನಕ್ಕೆ ಹೋದಾಗ ಅರ್ಜಿದಾರಳೇ ತಮ್ಮ ಫೋನ್ ತೆಗೆದು ನೋಡಿದಳು. ಭಟ್ಟರು ದೇವರಿಗೆ ಬೆನ್ನು ಹಾಕಿ, ಫೋನನ್ನು ಕೈ ಚಾಚಿ ಹಿಡಿದು, ಸ್ವಂತ ಮುಖವೂ ದೇವರೂ ಒಟ್ಟಿಗೆ ಕಾಣುವಂತೆ ನಿಂತಿದ್ದರು. ಅವರ ಜನಿವಾರ ಬಲ ಹೆಗಲ ಮೇಲಿತ್ತು. ಜನಿವಾರವನ್ನು ಹಾಗೆ ಹಾಕಿಕೊಳ್ಳುವುದು ಶ್ರಾದ್ಧಕ್ಕೆ. ಇಷ್ಟು ಬೇಗ ತನ್ನ ಶ್ರಾದ್ಧವನ್ನು ಯಾರು ಹೇಳಿಸಿದರು ಎಂದುಕೊಂಡು ಅರ್ಜಿದಾರಳು ವಿಡಿಯೋವನ್ನು ಮೊದಲಿನಿಂದ ಮತ್ತೆ ಹಾಕಿದಳು. ಆಮೇಲೆ ಹಿಂದಿನ ಗೋಡೆ ನೋಡಿದಳು. ಗುಡಿಗೆ ತಾವು ದಾನ ಕೊಟ್ಟ ಗಡಿಯಾರ ಅಲ್ಲಿತ್ತು. ಅದರ ಸೆಕೆಂಡು ಮುಳ್ಳು ಹಿಂದಕ್ಕೆ ಓಡುತ್ತಿತ್ತು. ಕೆಳಗೆ ಬರೆಸಿದ 'ಕರುಣಾಕರ, ದಿಲ್ಲಿ' ಎಂಬ ಅಕ್ಷರಗಳು ಹಿಂದುಮುಂದಾಗಿದ್ದವು.

5. ಶರ್ಮಿಳಾಳನ್ನು ಕರೆದು ತೋರಿಸಿದಾಗ ಅವಳು ಎರಡು ಸಲ ನೋಡಿ, "ಅಮ್ಮಾ, ಯೇ ತೋ ಉಲ್ಟಾ ಹೈ! ಭಟ್ಟರು ಸೆಲ್ಫೀ ಕ್ಯಾಮೆರಾದಲ್ಲಿ ತೆಗ್ದಿದ್ದಾರೆ. ಕನ್ನಡಿ ಥರ, ಬಲ ಎಡ ಆಗಿದೆ" ಎಂದಳು. ಅಂದರೆ ಬಿದ್ದದ್ದು ಬಲಗಡೆಯ ಹೂವು. ದೇವರು ಮಾಡಿಸಿಕೋ ಎಂದಿದ್ದ. ಖಚಿತಪಡಿಸಿಕೊಳ್ಳಲು ಭಟ್ಟರಿಗೆ ಫೋನ್ ಮಾಡಲಾಗಿ, "ನಾನೂ ಫೋನಿನಲ್ಲೇ ನೋಡಿದ್ದಮ್ಮ, ಹಿಂದೆ ತಿರುಗಿ ನೋಡೋಕೆ ಕೈ ಬಿಡುವು ಎಲ್ಲಿತ್ತು?" ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಉಂಟು. ಇಲ್ಲಿ ದೇವರೂ ಕೊಟ್ಟಿದ್ದ, ಪೂಜಾರಿಯೂ ಇದ್ದದ್ದನ್ನು ಹೇಳಿದರು. ಕೊಡದೆ ಉಳಿದದ್ದು ಗಲ್ಲಾ ಒಂದೇ.

6. ಅದೇ ದಿನ ಮಧ್ಯಾಹ್ನ, ಊಟದ ಗಿರಾಕಿಗಳು ಕರಗಿದ ಮೇಲೆ, ತಾಯಿ ಮಗಳು ಗಲ್ಲಾದ ಮುಂದೆ ನಿಂತು ತಮಗೆ ಇದನ್ನೆಲ್ಲ ತೋರಿಸಿದರು. ಆಗ ನಡೆದ ಮಾತುಕತೆಯನ್ನು ಇಲ್ಲಿ ಯಥಾವತ್ತಾಗಿ ಕೊಟ್ಟಿದೆ. ತಕರಾರಿದ್ದರೆ ತಿಳಿಸುವುದು.

ತಾವು: "ಕ್ಯಾಮೆರಾ ಉಲ್ಟಾ ಅಂತ ದೇವರಿಗೆ ಗೊತ್ತಿರ್ಲಿಲ್ವಾ? ಎಲ್ಲ ಗೊತ್ತಿದ್ದೇ ಹಾಗೆ ತೋರಿಸಿದ್ದು. ನನ್ನ ಕಣ್ಣಿಗೆ ಬಿದ್ದದ್ದೇ ಅವನ ಮಾತು."

ಶರ್ಮಿಳಾ: "ಅಚ್ಛಾ! ಮತ್ತೆ ಸೀದಾ ಕ್ಯಾಮೆರಾದಲ್ಲಿ ಎಡಕ್ಕೆ ಬಿದ್ದಿದ್ರೆ?"

ತಾವು: "ಆಗಲೂ ಬೇಡ ಅಂತಲೇ ಅಲ್ವಾ?"

ಅರ್ಜಿದಾರಳು: "ಹಾಗಾದ್ರೆ ನೀವು ತಪ್ಪು ಅಂತ ಗೊತ್ತಾಗ್ಬೇಕಾದ್ರೆ ಹೂ ಎಲ್ಲಿಗೆ ಬೀಳ್ಬೇಕು?"

ತಾವು: "ಎಂತ ಮಾತು ಮಾರಾಯ್ತಿ ಇದು? ದೇವರು ಇದ್ದಾನೆ, ಬೇಡ ಅಂದಿದ್ದಾನೆ, ನನಗೆ ಗೊತ್ತು."

ಅರ್ಜಿದಾರಳು: "ಹೇಗೆ ಗೊತ್ತು?"

ತಾವು: "ನಂಬಿಕೆ ಉಂಟಲ್ಲ, ಅದರಿಂದ ಗೊತ್ತು."

ಅರ್ಜಿದಾರಳು: "ನಂಬಿಕೆ ಯಾಕೆ ಬಂತು?"

ತಾವು: "ಗೊತ್ತುಂಟಲ್ಲ, ಅದಕ್ಕೆ ಬಂತು."

ನಮ್ಮ ಗ್ರೈಂಡರಿನ ಕಲ್ಲೂ ಹೀಗೇ ಸುತ್ತುತ್ತದೆ. ಆದರೆ ಅದು ಸುತ್ತಿದ್ದಕ್ಕೆ ಹಿಟ್ಟಾದರೂ ಬರುತ್ತದೆ.

7. ಇಷ್ಟಕ್ಕೂ ಮಾತು ಆಡಿದವರು ಯಾರು? ಉಗ್ರಾಣದ ಬಾಗಿಲಿಗೆ 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ಬಣ್ಣದಲ್ಲಿ ಬರೆಸಿದವರು. ಹಾಲಿಗೆ ಅಳತೆಯ ಕೊಳವೆ ಇಳಿಸದೆ ಕ್ಯಾನು ಒಳಗೆ ಬಿಡದವರು. ಉದ್ದಿನಬೇಳೆಯ ಚೀಲವನ್ನು ಮೇಲಿನಿಂದ ನೋಡಿದರೆ ಸಾಲದೆಂದು, "ಭಯ್ಯಾ, ನೀಚೇ ಸೇ ದಿಖಾವೋ" ಎಂದು ತಳದಿಂದ ಹಿಡಿ ತೆಗೆಸುವವರು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಅದರ ಮಾತನ್ನೂ ನಂಬದೆ ಒಡೆದು ನೋಡುವವರು. ಇಡ್ಲಿಗೆ ಇರುವ ಮರ್ಯಾದೆ ಹೆಂಡತಿಯ ಎದೆಗೆ ಇಲ್ಲದೇ ಹೋಯಿತಲ್ಲ ಎಂದು ಅರ್ಜಿದಾರಳಿಗೆ ಅಂದು ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತಿದೆ.

ಎದುರಿನ ಸೂಟ್‌ಕೇಸ್ ಅಂಗಡಿಯವರು ತಮ್ಮಷ್ಟೇ ಗಟ್ಟಿಯಾಗಿ ಬೇರೆ ದೇವರನ್ನು ನಂಬುತ್ತಾರೆ. ಅವರಿಗೂ ಗೊತ್ತಲ್ಲವೇ ಎಂದು ಶರ್ಮಿಳಾ ಕೇಳಿದ್ದಕ್ಕೆ "ಅದು ಅವರ ನಂಬಿಕೆ" ಎಂದಿರಿ. ಅವರದು ನಂಬಿಕೆ, ತಮ್ಮದು ಮಾತ್ರ ತಿಳಿವಳಿಕೆ ಎಂದು ಬೇರ್ಪಡಿಸುವ ಜರಡಿ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ತಾವು ತಿಳಿಸಿಲ್ಲ.

8. ಆಮೇಲೆ ತಾವು ಧ್ವನಿ ಏರಿಸಿ, "ಹಾಗಾದ್ರೆ ದೇವರು ಇದ್ದಾನೆ ಅನ್ನೋದೇ ನಿನಗೆ ಗೊತ್ತಿಲ್ವಾ?" ಎಂದು ಕೇಳಿದಿರಿ. ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದವರು ತಿರುಗಿ ನೋಡಿದರು. ಅರ್ಜಿದಾರಳು ಆಗ ಕೊಟ್ಟ ಉತ್ತರಕ್ಕೆ ಈಗಲೂ ಬದ್ಧಳಾಗಿದ್ದಾಳೆ: "ಇಲ್ಲ. ಗೊತ್ತಿಲ್ಲ. ನಂಬ್ತೇನೆ. ಗೊತ್ತಿದ್ದಿದ್ರೆ ದಿನಾ ದೀಪ ಹಚ್ಚಿ ಕೈಮುಗಿದು ಕೇಳ್ತಿದ್ದೆನಾ? ಕರೋಲ್ ಬಾಗಿಗೆ ಮೆಟ್ರೋ ಬರ್ತದೆ ಅಂತ ನನಗೆ ಗೊತ್ತು. ಅದಕ್ಕೆ ಯಾರಾದ್ರೂ ಹರಕೆ ಹೊರ್ತಾರಾ?" ಆಗಲೇ ತಾವು ಉಲ್ಲೇಖ 3ರ ಆದೇಶ ಹೊರಡಿಸಿ, ಗಿರಾಕಿಗೆ ಚಿಲ್ಲರೆ ಕೊಡಲು ತಿರುಗಿದಿರಿ.

9. ಮರುದಿನ ಅರ್ಜಿದಾರಳು ಮಗಳೊಂದಿಗೆ ಡಾಕ್ಟರ್ ಧಾರಿಣಿ ಅವರ ಬಳಿಗೆ ಹೋದಳು. ಅವರು ಬೈಯಲಿಲ್ಲ. ಅಳೆದರು. ಮೂರು ಸೆಂಟಿಮೀಟರ್ ದಾಟಿದೆ, ಕಂಕುಳಲ್ಲೂ ಒಂದು ಸಿಕ್ಕಿದೆ. ಏಳು ವಾರದ ಹಿಂದೆ ಆಗಿದ್ದರೆ ಎಂದು ಅರ್ಜಿದಾರಳು ಕೇಳಿದಾಗ ಅವರು, "ಅದು ನನಗೆ ಗೊತ್ತಿಲ್ಲ ವಸಂತಿ ಅವರೇ. ಗೊತ್ತಿಲ್ಲದ್ದನ್ನ ಹೇಳೋಕಾಗಲ್ಲ" ಎಂದರು. ಇಡೀ ಪ್ರಕರಣದಲ್ಲಿ ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದು ಇವರಿಬ್ಬರೇ, ಓದಿದವರೊಬ್ಬರು ಮತ್ತು ಹುಳಿಪುಡಿ ಹುರಿಯುವವಳೊಬ್ಬಳು.

10. ಶಸ್ತ್ರಚಿಕಿತ್ಸೆ ಇಂದು ಹತ್ತೂವರೆಗೆ. ಬೆಳಿಗ್ಗೆ ನರ್ಸ್ ಬಂದು, "ಕೌನ್ ಸೀ ಸೈಡ್, ಆಂಟೀ?" ಎಂದು ಕೇಳಿದಳು. ಅರ್ಜಿದಾರಳು ಬಲಗಡೆ ಎಂದಳು. ಕಾಗದದಲ್ಲಿ ಬರೆದಿತ್ತು, ಆದರೂ ಕೇಳಿದಳು. ಅನಂತರ ಅರಿವಳಿಕೆಯ ಡಾಕ್ಟರು ಬಂದು ಅದನ್ನೇ ಕೇಳಿದರು. ಕೊನೆಗೆ ಧಾರಿಣಿ ಅವರೇ ಬಂದು, ವರದಿ ನೋಡಿ, ಸ್ಕ್ಯಾನ್ ನೋಡಿ, ಕೈಯಿಂದ ಮುಟ್ಟಿ ನೋಡಿ, ಮತ್ತೆ ಕೇಳಿ, ನೀಲಿ ಪೆನ್ನಿನಿಂದ ಬಲಗಡೆ ಒಂದು ಬಾಣದ ಗುರುತು ಹಾಕಿದರು. "ನಿಮಗೆ ಗೊತ್ತುಂಟಲ್ಲ ಡಾಕ್ಟ್ರೇ, ಮತ್ತೆ ಯಾಕೆ ಕೇಳ್ತೀರಿ?" ಎಂದದ್ದಕ್ಕೆ, "ಗೊತ್ತಿದೆ ಅನ್ನೋ ಧೈರ್ಯದಲ್ಲೇ ತಪ್ಪಾಗೋದು" ಎಂದು ನಕ್ಕರು. ಎಡಬಲ ತಪ್ಪಬಾರದೆಂದು ಇವರು ಮೂರು ಸಲ ಕೇಳುತ್ತಾರೆ. ತಾವು ಒಂದು ಸಲವೂ ತಿರುಗಿ ಕೇಳಲಿಲ್ಲ.

11. ಅರ್ಜಿದಾರಳಿಗೆ ಹೆದರಿಕೆಯಾಗಿದೆ. ಬೆಳಿಗ್ಗೆ ದೇವರ ಹೆಸರು ಹೇಳಿಯೇ ಎದ್ದಿದ್ದಾಳೆ. ಅವನು ಕೇಳಿಸಿಕೊಂಡನೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಈ ಅಂಶಕ್ಕೆ ಯಾವ ಪುರಾವೆಯನ್ನೂ ಲಗತ್ತಿಸಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ಇಂದಿನಿಂದ 21 ದಿನಗಳ ರಜೆಯನ್ನು ಮಂಜೂರು ಮಾಡಬೇಕಾಗಿ ಕೋರಿಕೆ. ಮಂಜೂರಾಗದಿದ್ದ ಪಕ್ಷದಲ್ಲಿಯೂ ಅರ್ಜಿದಾರಳು ಬರುವುದಿಲ್ಲ. ಒಪ್ಪಿಗೆ ಪತ್ರದಲ್ಲಿ 'ಪತಿ' ಎಂಬ ಜಾಗ ಖಾಲಿಯಿದ್ದು, ಅದರ ಕೆಳಗಿನ ಗೆರೆಯಲ್ಲಿ ಶರ್ಮಿಳಾ ಸಹಿ ಮಾಡಿದ್ದಾಳೆ.

ಸ್ಥಳ: ರೋಹಿಣಿ
ದಿನಾಂಕ: 18 ನವೆಂಬರ್, ಬೆಳಿಗ್ಗೆ 8

ಇಪ್ಪತ್ತಾರು ವರ್ಷ ಕೇಳದೆಯೇ ತಮ್ಮ ವಿಶ್ವಾಸಿಯಾಗಿದ್ದ,
ವಸಂತಿ

ಲಗತ್ತುಗಳು:
1. ಬಯಾಪ್ಸಿ ವರದಿ, ಹಳೆಯ ಅಳತೆ ಮತ್ತು ಹೊಸ ಅಳತೆ.
2. ಗಂಟಿನ ಸ್ಕ್ಯಾನ್ ಫೋಟೋ, ಒಂದು. ತಾವು ತಿರುಗಿಸಿ ನೋಡಬಹುದು, ಹೇಗೆ ತಿರುಗಿಸಿದರೂ ಅದು ಇದೆ.
3. ವಿಡಿಯೋದಿಂದ ತೆಗೆದ ಗಡಿಯಾರದ ಚಿತ್ರ, ಜೊತೆಗೆ ಅದನ್ನು ಓದಿಕೊಳ್ಳಲು ಒಂದು ಕೈಗನ್ನಡಿ.
4. ಹುಳಿಪುಡಿಯ ಸ್ಟೀಲ್ ಡಬ್ಬಿ, ಒಂದು. ಮುಚ್ಚಳಕ್ಕೆ ಟೇಪು ಸುತ್ತಿದೆ.

ಪ್ರತಿ: ದೇವರಿಗೆ, ಇದ್ದಲ್ಲಿ, ಮಾಹಿತಿಗಾಗಿ.

ವಿಶೇಷ ಸೂಚನೆ: ಲಗತ್ತು 4ರಲ್ಲಿ ಇಪ್ಪತ್ತೊಂದು ದಿನಕ್ಕೆ ಸಾಕಾಗುವಷ್ಟು ಪುಡಿ ಇದೆ ಎಂದು ತಾವು ನಂಬತಕ್ಕದ್ದು. ಎತ್ತಿ ನೋಡಬಾರದು, ಅಲ್ಲಾಡಿಸಬಾರದು, ಮೂಸಬಾರದು; ನಂಬಿಕೆಯಿದ್ದರೆ ಗೊತ್ತಾಗುತ್ತದೆಂದು ತಾವೇ ಅಪ್ಪಣೆ ಕೊಡಿಸಿದ್ದೀರಿ. ತೆರೆದು ನೋಡಲೇಬೇಕು ಎಂದು ಕೈ ತುರಿಸಿದಲ್ಲಿ, ಅರ್ಜಿದಾರಳಿಗೆ ಬೇಕಾಗಿದ್ದುದೂ ಅಷ್ಟೇ ಎಂದು ತಿಳಿದುಕೊಂಡು, ಡಬ್ಬಿಯನ್ನು ಅಲ್ಲಿಯೇ ಬಿಟ್ಟು, ಹತ್ತೂವರೆಯ ಒಳಗೆ ಮೂರನೇ ಮಹಡಿಗೆ ಬರಬೇಕಾಗಿ ವಿನಂತಿ.