ಟವಲಿನಾಗ ತುಂಬಿದ ಉಡಿ

ನಮ್ಮ ಮನ್ಯಾಗ ಕೂಸು ಬಂದು ಹತ್ತು ತಿಂಗಳಾತು. ಅವತ್ತಿನಿಂದ ನಾ ಎಲ್ಲಿ ಹೋದ್ರೂ ಒಂದಿಲ್ಲೊಂದು ಫಜೀತಿ ತಪ್ಪವಲ್ದು. ನಾ ಹುಡುಕ್ಕೊಂಡು ಹೋಗಂಗಿಲ್ಲ ನೋಡ್ರಿ, ಅದ ಕೂಸಿನ ಜೋಡಿ ನನ್ನ ಬಗಲಾಗ ಕುಂತು ಬರ್ತೈತಿ.

ಮೊದಲ ಮನಿ ವಿಷಯ ಹೇಳಿಬಿಡ್ತೀನಿ. ನಾವಿರೋದು ಮಸ್ಕ್ಯಾಗ. ನನ್ನ ಹೆಂಡತಿಗೆ ಲಿಂಗಸುಗೂರಿನಾಗ ಬ್ಯಾಂಕ್ ನೌಕರಿ. ಮುಂಜಾನೆ ಎಂಟರ ಬಸ್ಸಿಗೆ ಹೋದಾಕಿ ಹೊಳ್ಳಿ ಬರೋದು ದೀಪ ಹಚ್ಚೋ ಹೊತ್ತಿಗೆ. ನಾನು ಮನ್ಯಾಗ ಕುಂತು ಕಂಪ್ಯೂಟರಿನಾಗ ಮದುವಿ ಕಾರ್ಡು ಮಾಡಿ ಪ್ರೆಸ್ಸಿನವರಿಗೆ ಕಳಿಸಾಂವ. ಹಿಂಗಾಗಿ ಆಕಿ ಬಾಣಂತನದ ರಜೆ ಮುಗಿದ ಮ್ಯಾಲೆ ಮಗಳ ಹೊಟ್ಟಿ, ನಿದ್ದಿ, ಲಂಗೋಟಿ ಎಲ್ಲಾ ನನ್ನ ಪಾಲಿಗೆ ಬಂತು. ಬ್ಯಾಸರಿಲ್ಲ, ಖುಷೀಲೆ ಮಾಡ್ತೀನಿ. ಆದ್ರ ಒಂದು ಆಸೆ ಇತ್ತು. "ಈ ಕೂಸನ್ನ ಸಾಕಾಂವ ಇವನ" ಅಂತ ಯಾರರೆ ಒಬ್ಬರು ಬಾಯಿಬಿಟ್ಟು ಅನಬೇಕು. ಅಷ್ಟ.

೧. ಸೂಜಿ ಮಾಡಿಸಾಕ ಹೋದಾಗ

ಒಂಬತ್ತು ತಿಂಗಳ ಸೂಜಿಗೆ ಕೂಸನ್ನ ಎತ್ಕೊಂಡು ದವಾಖಾನಿಗೆ ಹೋದೆ. ಸಿಸ್ಟರ್ ನನ್ನ ಬೆನ್ನ ಹಿಂದ ಇಣುಕಿ ನೋಡಿದ್ಳು.

"ತಾಯಿ ಎಲ್ಲ್ಯಾಳ್ರಿ?"

"ನೌಕರಿಗೆ ಹೋಗ್ಯಾಳ್ರಿ. ನಾ ಅದೀನಲ್ರಿ."

"ನೀವಿರೋದು ಕಾಣಸ್ತೈತಿ. ಜ್ವರ ಬಂದಿತ್ತೇನು, ಏನು ತಿಂತೈತಿ, ಕೇಳಿ ಬರಕೋಬೇಕು. ಗಂಡಸರಿಗೆ ಏನು ಗೊತ್ತಿರ್ತೈತಿ? ತಾಯಿ ನಂಬರ್ ಹೇಳ್ರಿ."

ನಂಬರ್ ಹೇಳಿದೆ. "ಅಕ್ಕಾರ, ನನ್ನ ಕೇಳಿದ್ರೂ..." ಅನ್ನೋದರೊಳಗ ಫೋನ್ ಹಚ್ಚೇಬಿಟ್ಟಳು. ನನ್ನ ಹೆಂಡತಿ ಎಲ್ಲಾ ಕೇಳಿಸಿಕೊಂಡು, "ಒಂದು ನಿಮಿಷ ತಡೀರಿ, ಹೇಳ್ತೀನಿ" ಅಂತ ಇಟ್ಟುಬಿಟ್ಟಳು. ಇಟ್ಟಿದ್ದ ತಡ, ನನ್ನ ಕಿಸೆದಾಗಿನ ಫೋನ್ ಒದರಾಕತ್ತಿತು.

"ರೀ, ಲಗೂ ಹೇಳ್ರಿ. ಹೋದ ವಾರ ಕೂಸಿಗೆ ಜ್ವರ ಬಂದಿತ್ತೇನು? ಏನೇನು ತಿನಸಾಕತ್ತೀರಿ? ಯಾರೋ ಸಿಸ್ಟರ್ ಕೇಳಾಕತ್ತಾರ."

ಸಿಸ್ಟರ್ ಮುಖಾನ ನೋಡ್ಕೋತ ಹೇಳಿದೆ: "ಜ್ವರ ಬಂದಿಲ್ಲ. ರಾಗಿ ಗಂಜಿ, ಮೆತ್ತನ್ನ ಅನ್ನ, ಬ್ಯಾಳಿ ಕಟ್ಟು."

ಹೆಂಡತಿ ಅದನ್ನ ಫೋನ್ ಮಾಡಿ ಸಿಸ್ಟರಿಗೆ ಹೇಳಿದ್ಳು. ಸಿಸ್ಟರ್ ಬರಕೊಂಡು, ಪೆನ್ನು ಇಟ್ಟು, ನನ್ನ ಕಡೆ ತಿರುಗಿದ್ಳು.

"ನೋಡ್ರಿ, ತಾಯಿಗೆ ಎಷ್ಟು ಬರೋಬ್ಬರಿ ನೆನಪಿರ್ತೈತಿ!"

೨. ಬಸ್ ಸ್ಟ್ಯಾಂಡಿನ ಖೋಲಿ

ದಢೇಸುಗೂರಿನಾಗ ನಮ್ಮಕ್ಕನ ಮನಿಗೆ ಹೋಗಿ ಹೊಳ್ಳಿ ಬರಾಕತ್ತಿದ್ದೆ. ಬಸ್ಸಿನಾಗ ಒಬ್ಬ ಹೆಂಗಸು ನನ್ನ ಕೈಯಾಗಿನ ಕೂಸನ್ನ ಇಸಕೊಂಡು ತೊಡಿ ಮ್ಯಾಲೆ ಕುಂದ್ರಿಸಿಕೊಂಡ್ಳು. ಕೂಸಿಗೆ ಸೀಟು ಸಿಕ್ತು, ನಾ ಸಿಂಧನೂರ ತನಕ ನಿಂತ ಬಂದೆ. ಅಲ್ಲಿಳಿಯೋದ್ರೊಳಗ ಕೂಸು ಲಂಗೋಟಿ ತುಂಬಿಸಿಬಿಟ್ಟಿತ್ತು.

ಸ್ಟ್ಯಾಂಡಿನಾಗ ತಾಯಿ-ಮಗುವಿಗೆ ಅಂತ ಒಂದು ಸಣ್ಣ ಖೋಲಿ ಐತಿ. ಬಾಗಿಲದಾಗ ಒಬ್ಬ ಆಯಿ ಕುಂತಿದ್ಳು.

"ಏ ತಮ್ಮಾ, ಎಲ್ಲಿ ನುಗ್ಗಾಕತ್ತೀ? ಗಂಡಸರು ಒಳಗ ಹೋಗಂಗಿಲ್ಲ."

"ಒಳಗ ಯಾರೂ ಇಲ್ಲ ಆಯಿ. ಕೂಸಿನ ಬಟ್ಟಿ ಬದಲಾಯಿಸಬೇಕು."

"ಕೂಸು ಗಂಡೋ ಹೆಣ್ಣೋ?"

"ಹೆಣ್ಣು."

"ಹಂಗಾರ ಕೂಸು ಹೋಗಬೌದು. ನೀ ಇಲ್ಲೇ ನಿಂದ್ರು."

ಹತ್ತು ತಿಂಗಳ ಕೂಸು ತಾನ ಒಳಗ ಹೋಗಿ, ಬಟ್ಟಿ ಬದಲಿ ಮಾಡ್ಕೊಂಡು, ಬಾಗಿಲಾ ಮುಂದ ಮಾಡಿ ಬರ್ತೈತೇನು? ಕಡೀಕ ಹೊರಗಿನ ಬೆಂಚಿನ ಮ್ಯಾಲೆ ಮಲಗಿಸಿ ಬಿಚ್ಚಾಕ ಹತ್ತಿದೆ. ಆಯಿ ಓಡಿ ಬಂದು ಸೆರಗು ಅಡ್ಡ ಹಿಡಿದ್ಳು.

"ಹೆಣ್ಣುಕೂಸು! ಇಷ್ಟು ಮಂದ್ಯಾಗ ಹಿಂಗ ಬಿಚ್ಚತಾರೇನೋ? ಮರೆ ಬ್ಯಾಡೇನು?"

"ಒಳಗ ಮರೆ ಇತ್ತಲ್ಲ ಆಯಿ?"

"ಅದು ಹೆಂಗಸರ ಮರೆ."

೩. ಮೊದಲನೇ ಬಹುಮಾನ

ಹೋದ ವಾರ ಲಿಂಗಸುಗೂರಿನಾಗ ಒಂದು ಮಹಿಳಾ ಸಂಘದವರು ಮುದ್ದುಕೂಸಿನ ಸ್ಪರ್ಧೆ ಇಟ್ಟಿದ್ರು. ಹೆಂಡತಿ ಹೆಸರು ಬರೆಸಿದ್ಳು, ಆದ್ರ ಅವತ್ತ ಆಕಿ ಬ್ಯಾಂಕಿನಾಗ ತಪಾಸಣೆ ಬಂತು. ನಾನ ಕೂಸನ್ನ ಒಯ್ದೆ. ತೂಕ ನೋಡಿದ್ರು, ಹಲ್ಲು ನೋಡಿದ್ರು. ಮೊದಲನೇ ಬಹುಮಾನ ನನ್ನ ಮಗಳಿಗ ಬಂತು! ಮೈಕಿನಾಗ "ತಾಯಿ ವೇದಿಕೆಗೆ ಬರಬೇಕು" ಅಂದ್ರು. ನಾ ಎದಿ ಉಬ್ಬಿಸಿ ಹತ್ತಿದೆ.

ಅಧ್ಯಕ್ಷರ ಕೈಯಾಗಿನ ತಾಟು ಹಂಗ ನಿಂತಿತು.

"ತಾಯಿಗೆ ಉಡಿ ತುಂಬಿ ಸೀರಿ ಕೊಡೋದು ನಮ್ಮ ಪದ್ಧತಿ. ಗಂಡಸಿಗೆ ಹೆಂಗ ಉಡಿ ತುಂಬೋದ್ರಿ?"

"ಬರೀ ಸರ್ಟಿಫಿಕೇಟ್ ಕೊಡ್ರಿ, ಸಾಕು."

"ಅದರಾಗೂ ತಾಯಿ ಹೆಸರಿಗಷ್ಟ ಜಾಗ ಬಿಟ್ಟೀವಿ."

ಅಧ್ಯಕ್ಷರು ಸ್ವಲ್ಪ ವಿಚಾರ ಮಾಡಿ, ಮುಂದಿನ ಸಾಲಿನಾಗ ಕುಂತಿದ್ದ ಒಬ್ಬ ಹೆಂಗಸನ್ನ ಕರದ್ರು. "ನೀ ತಾಯಿ ಅಂತ ನಿಂದ್ರವಾ. ಫೋಟೊಕ್ಕ ಅಷ್ಟ." ಆಕಿ ಬಂದು ಕೂಸನ್ನ ಎತ್ಕೊಂಡ್ಳು. ನನ್ನ ಬಾಜೂಕ ಸರಿಸಿದ್ರು. ಗುರುತಿಲ್ಲದಾಕಿ ತಾಯಿ ಆಗಬೌದು, ದಿನಾ ಉಣಿಸಾಂವ ನಾ ಏನೂ ಅಲ್ಲ!

ಕೂಸು ಚಿಟ್ಟನ ಚೀರಿತು. ಎರಡೂ ಕೈ ನನ್ನ ಕಡೆ ಚಾಚಿ ಮೈಯೆಲ್ಲಾ ಬಿಲ್ಲು ಮಾಡಿತು. ಎತ್ಕೊಂಡೆ. ಹೆಗಲಿಗೆ ಮುಖ ಹಚ್ಚಿ ಗಪ್ ಆತು.

ಪಾಮನಕಲ್ಲೂರಿನಿಂದ ಮೊಮ್ಮಗನ್ನ ಕರಕೊಂಡು ಬಂದಿದ್ದ ಮುದುಕಿ ಒಬ್ಬಾಕಿ ಎದ್ದು ನಿಂತ್ಳು.

"ನಿಮಗ ಕಣ್ಣು ಅದಾವೇನಬೇ? ಕೂಸು ಯಾರ ಕಡೆ ಕೈ ಚಾಚಿತು ನೋಡಲಿಲ್ಲೇನು? ಸಾಕಾಂವ ಇವನ. ತಾ ಇಲ್ಲಿ ತಾಟು!"

ಇಷ್ಟು ತಿಂಗಳಿಂದ ಕಾದಿದ್ದ ಮಾತು ಅದು. ಕಣ್ಣು ತುಂಬಿ ಬಂದ್ವು. ಅಷ್ಟರಾಗ ಮುದುಕಿ ವೇದಿಕೆ ಹತ್ತಿ ನನ್ನ ಮುಂದ ನಿಂತಿದ್ಳು.

"ಸೆರಗಿಲ್ಲ, ಹೆಗಲ ಮ್ಯಾಲಿನ ಟವಲ್ ಒಡ್ಡು ತಮ್ಮಾ."

ಒಂದು ಕೈಯಾಗ ಕೂಸು, ಇನ್ನೊಂದು ಕೈಯಾಗ ಟವಲ್. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಜಂಪರ್ ಪೀಸು, ಸೀರಿ, ಎಲ್ಲಾ ಬಿದ್ವು. ಹಣಿಗೆ ಕುಂಕುಮ ಹಚ್ಚಿ, ಹೆಣ್ಮಕ್ಕಳಿಗೆ ಅಂದು ಅಂದು ರೂಢಿ ಆದ ಬಾಯಿಲೆ ಹರಸಿದ್ಳು: "ಮುಂದಿನ ವರ್ಷ ಇನ್ನೊಂದು ಹಡಕೊಂಡು ಬಾರವಾ."

ಗಾಬರ್ಯಾಗ ನಾನೂ "ಹೂಂ ಆಯಿ" ಅಂದುಬಿಟ್ಟೆ.

ಸಂಜಿಕೆ ಹೆಂಡತಿ ಬಂದ್ಳು. ಎಲ್ಲಾ ಹೇಳಿ, ಸೀರಿ ಆಕಿ ಕೈಯಾಗ ಇಟ್ಟೆ. ಆಕಿ ಸೀರಿ ನೋಡಿದ್ಳು, ಟವಲ್ ನೋಡಿದ್ಳು, ನನ್ನ ಹಣಿ ನೋಡಿದ್ಳು. ಸೀರಿ ಹೊಳ್ಳಿ ನನ್ನ ಕೈಯಾಗ ಇಟ್ಟಳು.

"ಇದು ನಿಮಗ ಇರಲಿ. ದೊಡ್ಡೋರ ಮುಂದ ಹೂಂ ಅಂದು ಬಂದೀರಿ. ನಾಳೆ ಬ್ಯಾಂಕಿನಾಗ ಹೇಳಿಬಿಡ್ತೀನಿ, ಈ ಸಲ ಬಾಣಂತನದ ರಜೆ ನನಗ ಬ್ಯಾಡ, ನಮ್ಮ ಮನಿಯವರು ಹಡೀತಾರ ಅಂತ."